ಚಾಮಯ್ಯ ಮೇಷ್ಟ್ರನ್ನು ಪ್ರೀತಿಸುವುದು ಹೇಗೆ?

2018ರ ಜುಲೈ ತಿಂಗಳಲ್ಲಿ ‘ನಾಗರಹಾವು’ ಮತ್ತೆ ತೆರೆಗೆ ಬಂತು. ಹಳೆಯ ಚಿತ್ರಿಕೆಗಳನ್ನು ಶುಚಿ ಮಾಡಿ, ಸಿನಿಮಾಸ್ಕೋಪ್ ಅಳತೆಗೆ ಹಿಗ್ಗಿಸಿ, ಧ್ವನಿಯನ್ನು ಈಗಿನ ಥಿಯೇಟರುಗಳಿಗೆ ಹೊಂದಿಸಿ ಬಿಡುಗಡೆ ಮಾಡಿದ್ದರು. 1972ರ ಕೊನೆಯಲ್ಲಿ ಮೊದಲ ಸಲ ಬಂದ ಚಿತ್ರ ಅದು. ನಿರ್ದೇಶಕ ಪುಟ್ಟಣ್ಣ ಕಣಗಾಲ್ 1985ರಲ್ಲೇ ತೀರಿಕೊಂಡಿದ್ದರು. ರಾಮಾಚಾರಿಯಾಗಿದ್ದ ವಿಷ್ಣುವರ್ಧನ್ ಹೋಗಿ ಎಂಟು ವರ್ಷ ದಾಟಿತ್ತು, ಚಾಮಯ್ಯ ಮೇಷ್ಟ್ರಾಗಿದ್ದ ಕೆ.ಎಸ್. ಅಶ್ವತ್ಥ್ ಹೋಗಿಯೂ ಅಷ್ಟೇ ಕಾಲವಾಗಿತ್ತು. ಆದರೂ ಥಿಯೇಟರಿನ ಮುಂದೆ ಪಟಾಕಿ, ಹಾಲು, ಹಾರ ಯಾವುದಕ್ಕೂ ಕೊರತೆಯಿರಲಿಲ್ಲ. ಒಳಗೆ ಶಿಳ್ಳೆ ಹೊಡೆದವರಲ್ಲಿ ಎಷ್ಟೋ ಜನ ಪುಟ್ಟಣ್ಣ ತೀರಿಕೊಂಡ ಮೇಲೆ ಹುಟ್ಟಿದವರು. ನಾನೂ ಆ ಲೆಕ್ಕಕ್ಕೇ ಸೇರಿದವನು.

ಹಳೆಯ ಸಿನಿಮಾಗಳಲ್ಲಿ ಕೆಲವು ಮಾತ್ರ ಯಾಕೆ ಉಳಿಯುತ್ತವೆ ಎಂದು ಕೇಳಿದರೆ ಥಟ್ಟನೆ ಸಿಗುವ ಉತ್ತರ, ‘ಆಗಿನ ಸಿನಿಮಾಗಳಲ್ಲಿ ಮೌಲ್ಯ ಇತ್ತು’. ಈ ಉತ್ತರದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ‘ನಾಗರಹಾವು’ ಚಿತ್ರದಲ್ಲಿ ಇರುವ ಮೌಲ್ಯ ಯಾವುದು ಎಂದು ಒಮ್ಮೆ ಬಿಡಿಸಿ ಹೇಳಲು ಹೊರಡಿ, ಗೊತ್ತಾಗುತ್ತದೆ. ಜಾತಿಯ ಕಾರಣಕ್ಕೆ ಒಂದು ಪ್ರೀತಿಯನ್ನು ಮುರಿಯಬೇಕು ಎಂದು ಗುರುವೊಬ್ಬರು ಶಿಷ್ಯನನ್ನು ಒಪ್ಪಿಸುತ್ತಾರೆ. ಶಿಷ್ಯ ಒಪ್ಪುತ್ತಾನೆ. ಅದರ ಬೆಲೆಯನ್ನು ತೆರುವವಳು ಹುಡುಗಿ. ಇದು ಮೌಲ್ಯ ಎಂದು ನಾನು ಯಾರ ಮುಂದೆಯೂ ವಾದಿಸಲಾರೆ. ಆದರೆ ಚಾಮಯ್ಯ ಮೇಷ್ಟ್ರು ತೆರೆಯ ಮೇಲೆ ಕಾಣಿಸಿಕೊಂಡ ಕೂಡಲೇ ನನ್ನ ಎದೆ ಮೆತ್ತಗಾಗುವುದೂ ಸುಳ್ಳಲ್ಲ. ಒಪ್ಪಿಗೆಯಾಗದ್ದು ಇಷ್ಟವಾಗುವುದು ಹೇಗೆ, ಹಾಗೆ ಇಷ್ಟಪಡುವುದು ಸರಿಯೇ? ನನ್ನನ್ನು ಕಾಡುತ್ತಿರುವುದು ಈ ಪ್ರಶ್ನೆ.

ಮೊದಲು ಸುಲಭದ ಉತ್ತರಗಳನ್ನು ಮುಗಿಸಿಬಿಡೋಣ. ಹಳೆಯ ನೆನಪು ಎನ್ನುವುದು ಒಂದು. ನಮ್ಮಮ್ಮನಿಗೆ ಇದು ಸರಿಹೊಂದಬಹುದು. ಚಿತ್ರದುರ್ಗದ ಸೀಮೆಯಲ್ಲಿ ಬೆಳೆದವಳು ಅವಳು, ಟೆಂಟಿನಲ್ಲಿ ನೆಲದ ಮೇಲೆ ಕೂತು ಈ ಚಿತ್ರ ನೋಡಿದವಳು. ಅವಳಿಗೆ ಇದು ಹದಿಹರೆಯದ ವಾಸನೆಯೂ ಹೌದು. ನನಗೆ ಹಾಗೆ ನೆನೆಯಲು ಏನಿದೆ? ಭಾನುವಾರ ಸಂಜೆಯ ಟೀವಿ, ನಡುನಡುವೆ ಸೋಪಿನ ಜಾಹೀರಾತು, ಕರೆಂಟು ಹೋದರೆ ಅರ್ಧಕ್ಕೇ ನಿಂತ ಕಥೆ. ಇಷ್ಟೇ ಸಾಕು ಎನ್ನುವುದಾದರೆ ಆ ದಿನಗಳಲ್ಲಿ ಟೀವಿಯಲ್ಲಿ ಬಂದ ನೂರಾರು ಚಿತ್ರಗಳೂ ನನಗೆ ಇಷ್ಟೇ ಪ್ರಿಯವಾಗಬೇಕಿತ್ತು. ಅವುಗಳಲ್ಲಿ ಹೆಚ್ಚಿನವುಗಳ ಹೆಸರೂ ನೆನಪಿಲ್ಲ.

ಹಾಡು ಎನ್ನುವುದು ಇನ್ನೊಂದು ಉತ್ತರ, ಇದರಲ್ಲಿ ಹುರುಳಿದೆ. ವಿಜಯಭಾಸ್ಕರ್ ಅವರ ಸಂಗೀತವಿಲ್ಲದೆ ಈ ಚಿತ್ರವನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ರೇಡಿಯೋ, ಕ್ಯಾಸೆಟ್ಟು, ಬಸ್ಸಿನ ಟೇಪ್‌ರೆಕಾರ್ಡರ್, ರಾಜ್ಯೋತ್ಸವದ ಆರ್ಕೆಸ್ಟ್ರಾ, ಹೀಗೆ ಸಿನಿಮಾ ಥಿಯೇಟರಿನಿಂದ ಇಳಿದ ಮೇಲೂ ಹಾಡುಗಳು ಅದನ್ನು ಮನೆಮನೆಗೆ ಹೊತ್ತು ತಿರುಗಿದವು. ಓಬವ್ವನ ಕಥೆಯನ್ನು ಪಠ್ಯಪುಸ್ತಕದಲ್ಲಿ ಓದುವ ಮೊದಲೇ ಜಯಂತಿಯವರ ಮುಖದಲ್ಲಿ ನೋಡಿದ ಮಕ್ಕಳು ನಾವು. ಆದರೆ ಹಾಡು ಉಳಿದು ಸಿನಿಮಾ ಮರೆತುಹೋದ ಉದಾಹರಣೆಗಳು ಎಷ್ಟು ಬೇಕು? ಹಾಡು ಬಾಗಿಲವರೆಗೆ ಕರೆದುಕೊಂಡು ಬರುತ್ತದೆ, ಅಷ್ಟೇ.

ಇನ್ನೂ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಉಳಿದದ್ದೆಲ್ಲ ಶ್ರೇಷ್ಠವಾದ್ದರಿಂದಲೇ ಉಳಿಯಿತು ಎಂದು ನಂಬುವವರು ಸಿನಿಮಾ ಎನ್ನುವುದು ಒಂದು ವಸ್ತು ಎಂಬುದನ್ನು ಮರೆಯುತ್ತಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಇವತ್ತು ಅದರ ಒಂದು ಪ್ರತಿಯೂ ನಮ್ಮ ಬಳಿ ಇಲ್ಲ. ಅದನ್ನು ನಾವು ಪ್ರೀತಿಸುತ್ತಿದ್ದೆವೋ ಇಲ್ಲವೋ ಹೇಳುವವರು ಯಾರು? ಕಾಲ ಪರೀಕ್ಷೆ ಮಾಡುತ್ತದೆ ಎನ್ನುತ್ತೇವೆ. ಆ ಪರೀಕ್ಷೆಗೆ ಕೂರಲು ಮೊದಲು ರೀಲು ಕೊಳೆಯದೆ ಉಳಿಯಬೇಕು, ಹಕ್ಕುಗಳು ಯಾರದೋ ಕೈಯಲ್ಲಿ ಜೋಪಾನವಾಗಿರಬೇಕು, ಯಾವುದೋ ಚಾನಲ್ ಕೊಂಡು ಮತ್ತೆಮತ್ತೆ ಹಾಕಬೇಕು. ಹಾಗಾಗಿ ನಾನು ಕೇಳುತ್ತಿರುವ ಪ್ರಶ್ನೆ ಉಳಿದವುಗಳ ಬಗ್ಗೆ ಮಾತ್ರ. ಅವಕಾಶ ಸಿಕ್ಕವುಗಳಲ್ಲಿ ಕೆಲವಕ್ಕೆ ಜನ ಯಾಕೆ ಮತ್ತೆಮತ್ತೆ ಮರಳುತ್ತಾರೆ?

ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡದ ಬಗ್ಗೆ ಒಂದು ಪ್ರಬಂಧ ಬರೆದ. ತತ್ವಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಒಮ್ಮೆಯಾದರೂ ಹಾದುಹೋಗುವ ಬರಹ. ಎರಡು ಸಾವಿರ ವರ್ಷಗಳ ಹಿಂದೆ ಅಥೆನ್ಸಿನಲ್ಲಿ, ರೋಮಿನಲ್ಲಿ ಮೆಚ್ಚಿದ ಹೋಮರನನ್ನು ತನ್ನ ಕಾಲದ ಪ್ಯಾರಿಸ್ಸೂ ಲಂಡನ್ನೂ ಮೆಚ್ಚುತ್ತಿವೆ ಎಂಬುದು ಅವನ ವಾದದ ದೊಡ್ಡ ಆಧಾರ. ಅಧಿಕಾರ, ಫ್ಯಾಶನ್ನು, ಅಸೂಯೆ ಇವೆಲ್ಲ ಒಬ್ಬ ಕೆಟ್ಟ ಕವಿಯನ್ನು ಸ್ವಲ್ಪ ಕಾಲ ಮೆರೆಸಬಹುದು. ಅವು ಕಳಚಿಹೋದ ಮೇಲೂ ನಿಂತದ್ದು ನಿಜವಾದದ್ದು ಎನ್ನುತ್ತಾನೆ. ಹೋಮರನ ಮುಂದೆ ನಮ್ಮ ಐವತ್ತು ವರ್ಷದ ಸಿನಿಮಾ ಇನ್ನೂ ಕೂಸು, ಅದು ಗೊತ್ತಿದೆ. ಆದರೆ ನನಗೆ ಮುಖ್ಯವೆನಿಸಿದ್ದು ಆ ಪ್ರಬಂಧದ ಕೊನೆಯ ಭಾಗ. ಹಳೆಯ ಕೃತಿಗಳಲ್ಲಿರುವ ಉಡುಗೆತೊಡುಗೆ, ರೀತಿರಿವಾಜು, ತಪ್ಪು ತಿಳಿವಳಿಕೆ ಇವನ್ನೆಲ್ಲ ನಾವು ಕ್ಷಮಿಸಿ ಸವಿಯಬಹುದು, ಆದರೆ ಕೆಟ್ಟ ನಡತೆಯನ್ನು ಕೆಟ್ಟದ್ದೆಂದು ಗುರುತಿಸದೆ ಚಿತ್ರಿಸಿದಾಗ ಅದು ಕೃತಿಯ ಮೈಮೇಲೇ ಇರುವ ಊನ, ಅದರೊಳಗೆ ಮನಸ್ಸು ಹೋಗಲಾರದು ಎನ್ನುತ್ತಾನೆ ಹ್ಯೂಮ್.

ನಮ್ಮಲ್ಲಿ ಆನಂದವರ್ಧನ ಇದಕ್ಕೂ ಸುಮಾರು ಒಂಬೈನೂರು ವರ್ಷ ಮೊದಲು ಹೆಚ್ಚುಕಡಿಮೆ ಇದೇ ಜಾಗದಲ್ಲಿ ಬಂದು ನಿಂತಿದ್ದ. ರಸಭಂಗಕ್ಕೆ ಅನೌಚಿತ್ಯ ಬಿಟ್ಟರೆ ಬೇರೆ ಕಾರಣವೇ ಇಲ್ಲ ಎಂದು ಅವನ ಮಾತಿನ ಸಾರ. ತೀನಂಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಇದನ್ನು ಓದಿದವರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಆನಂದವರ್ಧನನ ಔಚಿತ್ಯ ಹ್ಯೂಮನ ನೈತಿಕತೆಯಲ್ಲ, ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ನನ್ನ ಡಿಪಾರ್ಟ್‌ಮೆಂಟಿನಲ್ಲಿ ನನ್ನನ್ನು ಬಿಡುವುದಿಲ್ಲ. ಆದರೂ ಇಬ್ಬರೂ ಹೇಳುವುದರಲ್ಲಿ ಒಂದು ಸಮಾನ ನಿರೀಕ್ಷೆಯಿದೆ. ಸಲ್ಲದ್ದು ಕಂಡಾಗ ನೋಡುವವನ ಮನಸ್ಸು ಹಿಂದೆ ಸರಿಯುತ್ತದೆ, ರಸ ಒಡೆಯುತ್ತದೆ.

ಹಾಗಿದ್ದರೆ ‘ನಾಗರಹಾವು’ ನೋಡುವಾಗ ಯಾಕೆ ಒಡೆಯುವುದಿಲ್ಲ?

ಕಥೆ ಎಲ್ಲರಿಗೂ ಗೊತ್ತಿರುವುದೇ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು, ಎಂದರೆ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಸೇರಿಸಿ ಪುಟ್ಟಣ್ಣ ಒಂದು ಚಿತ್ರ ಮಾಡಿದರು. ಚಿತ್ರದುರ್ಗದ ರಾಮಾಚಾರಿ ಮೂಗಿನ ತುದಿಯಲ್ಲೇ ಸಿಟ್ಟಿರುವ ಹುಡುಗ. ಅವಮಾನ ಮಾಡಿದ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುವ ಮಟ್ಟದ ಸಿಟ್ಟು. ಊರಿಗೆ ಅವನು ಪೋಲಿ, ಮನೆಗೆ ತಲೆನೋವು. ಅವನೊಳಗೆ ಬೇರೆ ಏನೋ ಇದೆ ಎಂದು ಕಂಡವರು ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ ಮಾತ್ರ. ಯಾರ ಮಾತಿಗೂ ಬಗ್ಗದವನು ಮೇಷ್ಟ್ರ ಒಂದು ಮಾತಿಗೆ ಹೆಡೆ ಇಳಿಸುತ್ತಾನೆ. ಅವನು ಪ್ರೀತಿಸುವ ಅಲಮೇಲು ಬೇರೆ ಜಾತಿಯವಳು. ಮನೆಯವರು ಯಾರಿಂದಲೂ ಆಗದ ಕೆಲಸವನ್ನು ಮೇಷ್ಟ್ರು ಮಾಡುತ್ತಾರೆ. ಅವಳನ್ನು ಬಿಟ್ಟುಬಿಡು ಎಂದು ಅವನನ್ನು ಒಪ್ಪಿಸುತ್ತಾರೆ.

ಈ ಒಪ್ಪಿಸುವ ಭಾಗವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಮೇಷ್ಟ್ರ ಕೈಯಲ್ಲಿ ಕೋಲಿಲ್ಲ. ದುಡ್ಡಿಲ್ಲ, ಜಾತಿಯ ಪಂಚಾಯಿತಿಯಿಲ್ಲ, ಪೊಲೀಸಿಲ್ಲ. ಅವರ ಬಳಿ ಇರುವುದು ಆ ಹುಡುಗ ಅವರ ಮೇಲಿಟ್ಟ ಪ್ರೀತಿ ಮಾತ್ರ, ಅದನ್ನೇ ಅವರು ಬಳಸುತ್ತಾರೆ. ಇದಕ್ಕಿಂತ ದೊಡ್ಡ ಬಲಪ್ರಯೋಗ ಇನ್ನೊಂದಿದೆಯೇ? ಬೈದಿದ್ದರೆ ರಾಮಾಚಾರಿ ತಿರುಗಿಬೀಳುತ್ತಿದ್ದ. ಹೊಡೆದಿದ್ದರೆ ಅಲಮೇಲುವನ್ನು ಕರೆದುಕೊಂಡು ಊರು ಬಿಡುತ್ತಿದ್ದ. ಪ್ರೀತಿಯಿಂದ ಕೇಳಿದ್ದರಿಂದ ಸೋತ. ಅಶ್ವತ್ಥ್ ಅವರ ಮುಖದಲ್ಲಿ ಆಗ ಗೆದ್ದ ಭಾವ ಇಲ್ಲ, ಮೋಸವಂತೂ ಇಲ್ಲವೇ ಇಲ್ಲ. ಹುಡುಗನಿಗೆ ಒಳ್ಳೆಯದಾಗಲಿ ಎಂದೇ ಅವರು ನಂಬಿದ್ದಾರೆ. ಅವರು ನಂಬಿದ್ದು ತಪ್ಪು.

ಸಂಶೋಧನೆ ಮಾಡುವ ನನ್ನಂಥವರಿಗೆ ಗುರು ಎಂಬ ಪದ ದಿನನಿತ್ಯದ್ದು, ಅದರ ಬಿಸಿಯೂ ತಂಪೂ ಗೊತ್ತಿದೆ. ಹಾಗೆಂದು ಈ ದೃಶ್ಯ ಗುರುಶಿಷ್ಯರಿಗಷ್ಟೇ ಸೇರಿದ್ದಲ್ಲ. ಜಾತಿ ಬಿಟ್ಟು ಮದುವೆಯಾಗಲು ಹೊರಟ ಮಕ್ಕಳನ್ನು ನಮ್ಮ ಮನೆಗಳು ಹೇಗೆ ನಿಲ್ಲಿಸುತ್ತವೆ ಎಂದು ನೆನಪು ಮಾಡಿಕೊಳ್ಳಿ. ಕೊಡಲಿ ಹಿಡಿಯುವ ಮನೆಗಳ ಸುದ್ದಿ ಪೇಪರಿನಲ್ಲಿ ಬರುತ್ತದೆ, ಅದನ್ನು ಮರ್ಯಾದೆಗೇಡು ಹತ್ಯೆ ಎನ್ನುತ್ತೇವೆ, ಖಂಡಿಸುತ್ತೇವೆ. ಪೇಪರಿನಲ್ಲಿ ಬಾರದೆ ಹೋಗುವ ಮನೆಗಳು ಅದರ ಎಷ್ಟೋ ಪಾಲು ಹೆಚ್ಚು. ಅಲ್ಲಿ ಯಾರೂ ಕೊಡಲಿ ಹಿಡಿಯುವುದಿಲ್ಲ. ಸೋದರಮಾವ ಬಂದು ಪಕ್ಕದಲ್ಲಿ ಕೂರುತ್ತಾರೆ, ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಾರೆ, ‘ನಿಮ್ಮಪ್ಪನ ಮುಖ ನೋಡಪ್ಪಾ’ ಎನ್ನುತ್ತಾರೆ. ಅಷ್ಟೇ. ಬೆಳಗಾಗುವ ಹೊತ್ತಿಗೆ ಒಂದು ಫೋನ್ ನಂಬರು ಬ್ಲಾಕ್ ಆಗಿರುತ್ತದೆ. ಚಾಮಯ್ಯ ಮೇಷ್ಟ್ರು ಅಂಥ ಸೋದರಮಾವಂದಿರೆಲ್ಲರಿಗಿಂತ ಒಳ್ಳೆಯವರು, ಅದೇ ತೊಂದರೆ.

ಚಿತ್ರ ಇಷ್ಟಕ್ಕೇ ನಿಂತು, ಗುರುವಿನ ಮಾತು ಕೇಳಿದ ಶಿಷ್ಯನಿಗೆ ಒಳ್ಳೆಯ ಹೆಂಡತಿ ಸಿಕ್ಕಳು ಎಂದು ಮುಗಿದಿದ್ದರೆ, ಹ್ಯೂಮ್ ಹೇಳಿದಂತೆ ನನ್ನ ಮನಸ್ಸು ಅದರೊಳಗೆ ಹೋಗುತ್ತಲೇ ಇರಲಿಲ್ಲ ಎನಿಸುತ್ತದೆ. ಆ ಕಾಲದಲ್ಲಿ ಹಾಗೆ ಮುಗಿಯುವ ಚಿತ್ರಗಳಿಗೆ ಬರವಿರಲಿಲ್ಲ. ಅವುಗಳನ್ನು ಇಂದು ಯಾರು ನೋಡುತ್ತಾರೆ? ಪುಟ್ಟಣ್ಣ ಹಾಗೆ ಮುಗಿಸಲಿಲ್ಲ. ಬೇರೆಯವನೊಂದಿಗೆ ಮದುವೆಯಾಗಿ ಹೋದ ಅಲಮೇಲು ಮುಂದೆ ರಾಮಾಚಾರಿಗೆ ಕಾಣಸಿಗುವುದು ಮೈಮಾರಿಕೊಳ್ಳುವ ಹೆಣ್ಣಾಗಿ. ಗುರುವಿನ ಮಾತು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ಅವನ ಕಣ್ಣ ಮುಂದೆ ಸೀರೆಯುಟ್ಟು ನಿಂತಿರುತ್ತದೆ. ಮುಂದೆ ಮಾರ್ಗರೆಟ್ ಬರುತ್ತಾಳೆ, ಈ ಸಲ ಧರ್ಮ ಅಡ್ಡ. ಮೇಷ್ಟ್ರು ಮತ್ತೆ ಅದೇ ಮಾತು ಹೇಳಲು ಬೆಟ್ಟ ಹತ್ತುತ್ತಾರೆ. ಹುಡುಗ ಈಗ ಹಳೆಯ ಹುಡುಗನಲ್ಲ. ಆ ಕೊನೆಯ ಮುಖಾಮುಖಿಯಲ್ಲಿ ಶಿಷ್ಯನ ಆವೇಶಕ್ಕೆ ಗುರು ಬಲಿಯಾಗುತ್ತಾರೆ, ಗುರುವನ್ನು ಕಳೆದುಕೊಂಡ ಶಿಷ್ಯ ಮಾರ್ಗರೆಟ್ ಜೊತೆ ಬೆಟ್ಟದಿಂದ ಹಾರುತ್ತಾನೆ.

ದುರಂತದ ನಾಯಕ ಪೂರ್ತಿ ಒಳ್ಳೆಯವನೂ ಆಗಿರಬಾರದು, ಪೂರ್ತಿ ಕೆಟ್ಟವನೂ ಆಗಿರಬಾರದು, ಯಾವುದೋ ಒಂದು ತಪ್ಪೆಣಿಕೆಯಿಂದ ಬೀಳಬೇಕು ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಎಲ್ಲರೂ ಈ ಅಳತೆಯನ್ನು ರಾಮಾಚಾರಿಗೆ ಹಿಡಿದು ನೋಡುತ್ತಾರೆ. ನನಗೆ ಅದು ಮೇಷ್ಟ್ರಿಗೇ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ರಾಮಾಚಾರಿಯದು ಸ್ವಭಾವ, ಅವನು ಎಣಿಸುವವನೇ ಅಲ್ಲ. ಎಣಿಸಿ, ಯೋಚಿಸಿ, ಒಳ್ಳೆಯದನ್ನೇ ಬಯಸಿ ತಪ್ಪು ಮಾಡಿದವರು ಚಾಮಯ್ಯ ಮೇಷ್ಟ್ರು. ಸಾಯುವ ಹೊತ್ತಿಗೆ ಅವರಿಗೆ ಅದು ಎಷ್ಟು ಅರ್ಥವಾಗಿತ್ತು ಎಂಬುದನ್ನು ಚಿತ್ರ ನಮ್ಮ ಊಹೆಗೆ ಬಿಡುತ್ತದೆ. ಬಿಟ್ಟದ್ದು ಒಳ್ಳೆಯದಾಯಿತು.

ಹಾಗಾದರೆ ನನ್ನ ಉತ್ತರ ಹೀಗೆ ಶುರುವಾಗುತ್ತದೆ: ಈ ಚಿತ್ರ ತನ್ನ ಕಾಲದ ಒಂದು ನಂಬಿಕೆಯನ್ನು ಎತ್ತಿಕೊಂಡು, ಅದನ್ನು ತನ್ನ ಅತ್ಯಂತ ಪ್ರೀತಿಪಾತ್ರನಾದ ಮನುಷ್ಯನ ಬಾಯಲ್ಲಿಟ್ಟು, ಆಮೇಲೆ ಅದರ ಲೆಕ್ಕ ಕೇಳುತ್ತದೆ. ಆ ನಂಬಿಕೆಯನ್ನು ಖಳನ ಬಾಯಲ್ಲಿ ಇಟ್ಟಿದ್ದರೆ ಎಲ್ಲ ಸುಲಭವಾಗಿರುತ್ತಿತ್ತು, ಚಿತ್ರ 1973ರಲ್ಲೇ ಹಳತಾಗುತ್ತಿತ್ತು. ಖಳನನ್ನು ದ್ವೇಷಿಸಿ ಥಿಯೇಟರಿನಿಂದ ಹೊರಬಂದವರಿಗೆ ಮತ್ತೆ ಒಳಗೆ ಹೋಗಲು ಕಾರಣವಿರುವುದಿಲ್ಲ. ಮೇಷ್ಟ್ರ ವಿಷಯದಲ್ಲಿ ನಮಗೆ ಹಾಗೆ ಹೊರಬರಲು ಆಗುವುದಿಲ್ಲ.

ಇದನ್ನು ನಾನು ಹಾಸ್ಟೆಲಿನಲ್ಲಿ ಗೆಳೆಯರ ಮುಂದೆ ಹೇಳಿದ್ದೆ. ಒಂದು ಶನಿವಾರ ರಾತ್ರಿ ಪ್ರೊಜೆಕ್ಟರು ಹಚ್ಚಿ ಗೋಡೆಯ ಮೇಲೆ ಈ ಚಿತ್ರ ಹಾಕಿದ್ದೆವು. ಮುಗಿದ ಮೇಲೆ ಚಹಾ ಅಂಗಡಿಯಲ್ಲಿ ಸೇರಿದ್ದಾಗ ಇತಿಹಾಸ ವಿಭಾಗದ ಗೆಳತಿಯೊಬ್ಬಳು, ‘ನೀನು ಹೇಳಿದ್ದೆಲ್ಲ ಸರಿ ಕಣೋ. ಆದರೆ ಮೇಷ್ಟ್ರ ತಪ್ಪನ್ನು ತೋರಿಸೋಕೆ ಅಲಮೇಲುನೇ ಯಾಕೆ ಹಾಳಾಗಬೇಕು? ಅವಳು ಚೆನ್ನಾಗಿ ಬಾಳಿದ್ದರೆ ಮೇಷ್ಟ್ರು ಮಾಡಿದ್ದು ಸರಿ ಅಂತ ಆಗಿಬಿಡ್ತಿತ್ತಾ?’ ಎಂದಳು.

ಚಹಾ ತಣ್ಣಗಾಯಿತು. ಇದು ದೊಡ್ಡ ಪ್ರಶ್ನೆ. ಅವಳು ಹಿಡಿದದ್ದು ಚಿತ್ರದ ನೈತಿಕ ತರ್ಕದ ಬುಡವನ್ನೇ. ಒಂದು ಕೃತ್ಯ ತಪ್ಪು ಎಂದು ಸಾಬೀತು ಮಾಡಲು ಅದರ ಪರಿಣಾಮ ಘೋರವಾಗಿರಲೇಬೇಕು ಎಂಬ ಹಟ ಈ ಚಿತ್ರಕ್ಕಿದೆ. ಗಂಡ ಒಳ್ಳೆಯವನಾಗಿ, ಅಲಮೇಲು ಎರಡು ಮಕ್ಕಳ ತಾಯಾಗಿ ಸುಖವಾಗಿದ್ದಿದ್ದರೂ ಅವಳ ಪ್ರೀತಿಯನ್ನು ಅವಳ ಕೈಯಿಂದ ಕಿತ್ತುಕೊಂಡದ್ದು ಅನ್ಯಾಯವೇ. ಆ ತೀರ್ಮಾನ ಆದದ್ದು ಇಬ್ಬರು ಗಂಡಸರ ನಡುವೆ. ಒಬ್ಬ ಕೇಳಿದ, ಇನ್ನೊಬ್ಬ ಕೊಟ್ಟ, ಕೊಟ್ಟದ್ದು ಅವನದಲ್ಲದ್ದನ್ನು. ಚಿತ್ರಕ್ಕೆ ಇದನ್ನು ಹೇಳುವ ಧೈರ್ಯವಾಗಲಿ ಭಾಷೆಯಾಗಲಿ ಇರಲಿಲ್ಲ, ಅದಕ್ಕೆ ಅವಳನ್ನು ಬೀದಿಗೆ ತಂದು ಹೇಳಿತು. ಮಾರ್ಗರೆಟ್ ವಿಷಯದಲ್ಲೂ ಹೀಗೆಯೇ. ತುಂಡು ಬಟ್ಟೆಯ, ಬಿನ್ನಾಣದ ಕ್ರಿಶ್ಚಿಯನ್ ಹುಡುಗಿ ಎಂಬ ಅಚ್ಚು ಆಗಿನ ಸಿನಿಮಾಗಳಲ್ಲಿ ಸಿದ್ಧವಾಗಿಯೇ ಇತ್ತು, ಪುಟ್ಟಣ್ಣನಂಥವರೂ ಅದನ್ನು ಪಕ್ಕಕ್ಕಿಡಲಿಲ್ಲ. ‘ಗೆಜ್ಜೆಪೂಜೆ’ ಮಾಡಿದವರು, ‘ಶರಪಂಜರ’ ಮಾಡಿದವರು, ಹೆಣ್ಣಿನ ಒಳಮನಸ್ಸನ್ನು ಕನ್ನಡ ತೆರೆಯ ಮೇಲೆ ಅವರಷ್ಟು ಹುಡುಕಿದವರು ಬೇರೆ ಇಲ್ಲ ಎಂದು ಹೇಳಿದರೂ ಈ ಮಾತನ್ನು ಮುಚ್ಚಲಾಗುವುದಿಲ್ಲ. ಇದು ಹ್ಯೂಮ್ ಹೇಳಿದ ಊನವೇ. ಚಿತ್ರದ ಮೈಮೇಲಿದೆ.

ಕಾದಂಬರಿಕಾರರಿಗೂ ಚಿತ್ರ ಒಪ್ಪಿಗೆಯಾಗಿರಲಿಲ್ಲ ಎಂಬುದು ಬೇರೆ ಸಂಗತಿ. ಇದು ನಾಗರಹಾವಲ್ಲ, ಕೇರೆಹಾವು ಎಂದು ತರಾಸು ಅಂದರೆಂಬ ಮಾತು ಕನ್ನಡದಲ್ಲಿ ಗಾದೆಯಂತೆ ಓಡಾಡಿಕೊಂಡಿದೆ. ತಮಾಷೆಯೆಂದರೆ ಇವತ್ತು ಕಾದಂಬರಿಯನ್ನು ಹುಡುಕಿಕೊಂಡು ಹೋಗುವವರಲ್ಲಿ ಹೆಚ್ಚಿನವರು ಕೇರೆಹಾವನ್ನು ನೋಡಿಯೇ ಹೋಗುತ್ತಾರೆ.

ಅಮ್ಮನಿಗೆ ಫೋನ್ ಮಾಡಿದಾಗ ಗೆಳತಿಯ ಪ್ರಶ್ನೆಯನ್ನು ಹೇಳಿದೆ. ಅವಳಿಗೆ ಅದು ಹೊಸದಾಗಿರಲಿಲ್ಲ. ‘ನಾವೆಲ್ಲ ಆ ಸಿನಿಮಾ ನೋಡಿದ್ದು ರಾಮಾಚಾರಿಗೋಸ್ಕರ ಅಂದ್ಕೊಂಡಿದೀಯಾ? ಟೆಂಟಿನಲ್ಲಿ ಹೆಂಗಸರ ಕಡೆ ಅತ್ತಿದ್ದು ಅಲಮೇಲುಗೆ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಮೇಷ್ಟ್ರ ಮೇಲೆ ಸಿಟ್ಟು ಬರ್ತಿತ್ತು. ಪಾಪ ಅಂತಲೂ ಅನ್ನಿಸ್ತಿತ್ತು’ ಎಂದಳು.

ಎರಡೂ ಒಟ್ಟಿಗೆ. ಟೆಂಟಿನ ನೆಲದ ಮೇಲೆ ಕೂತ ಹದಿಹರೆಯದ ಹುಡುಗಿಯೊಬ್ಬಳು ಹ್ಯೂಮ್ ಆಗುವುದಿಲ್ಲ ಎಂದದ್ದನ್ನು ಸರಾಗವಾಗಿ ಮಾಡುತ್ತಿದ್ದಳು. ಒಪ್ಪದೆ ಇರುವುದು, ಒಳಗೂ ಇರುವುದು. ಅವಳಿಗೆ ಅದು ಸಾಧ್ಯವಾದದ್ದು ಮನೆಯಲ್ಲಿ ಅಭ್ಯಾಸವಿದ್ದುದರಿಂದ ಎಂದು ನನಗನ್ನಿಸುತ್ತದೆ. ನಮ್ಮ ತಾತ ಅವಳನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದವರು. ಅವರ ಹಾಸಿಗೆಯ ಪಕ್ಕ ಕೊನೆಯ ಮೂರು ತಿಂಗಳು ಕೂತಿದ್ದವಳೂ ಅವಳೇ. ಓದು ಬಿಡಿಸಿದ್ದನ್ನು ಅವಳು ಯಾವತ್ತೂ ಸರಿ ಎಂದಿಲ್ಲ, ಅವರನ್ನು ಯಾವತ್ತೂ ಬಿಟ್ಟುಕೊಟ್ಟೂ ಇಲ್ಲ. ನಮ್ಮ ನೈತಿಕ ಬದುಕಿನ ಬಹುಪಾಲು ಹೀಗೆ ತಪ್ಪು ಮಾಡಿದ ಪ್ರೀತಿಪಾತ್ರರ ಜೊತೆಗೇ ಕಳೆಯುತ್ತದೆ. ನೀತಿಶಾಸ್ತ್ರದ ತರಗತಿಗಳಲ್ಲಿ ರೈಲಿನ ಹಳಿ ಬದಲಿಸಿ ಒಬ್ಬನನ್ನು ಕೊಂದು ಐವರನ್ನು ಉಳಿಸುವ ಕಥೆಗಳನ್ನು ಎಷ್ಟೋ ಹೊತ್ತು ಚರ್ಚಿಸುತ್ತೇವೆ. ಆ ಹಳಿಗಳ ಮೇಲೆ ಮಲಗಿರುವವರು ಯಾರೂ ನಮ್ಮ ತಾತನಲ್ಲ.

ಮನೆಯ ಹಿರಿಯರ ಜೊತೆಗಿನ ಈ ಹೋಲಿಕೆಯನ್ನು ತುಂಬಾ ದೂರ ಎಳೆಯುವಂತಿಲ್ಲ. ತಾತ ಕೊನೆಗಾಲದಲ್ಲಿ ಮೊಮ್ಮಗಳ ಪಿಯುಸಿ ಮಾರ್ಕ್ಸ್‌ಕಾರ್ಡ್ ತರಿಸಿಕೊಂಡು ಕನ್ನಡಕ ಹಾಕಿ ನೋಡಿದ್ದರಂತೆ. ಮನುಷ್ಯರಿಗೆ ಹಾಗೆ ಬದಲಾಗುವ ಅವಕಾಶವಿದೆ. ಸಿನಿಮಾಕ್ಕೆ ಅದಿಲ್ಲ. ಎಷ್ಟು ಸಲ ಹಾಕಿದರೂ ಮೇಷ್ಟ್ರು ಅದೇ ಮಾತು ಹೇಳುತ್ತಾರೆ, ಅಲಮೇಲು ಅದೇ ದಾರಿ ಹಿಡಿಯುತ್ತಾಳೆ. 2018ರಲ್ಲಿ ಬಣ್ಣ ತಿದ್ದಿದರು, ಗೀರು ಅಳಿಸಿದರು, ಧ್ವನಿಗೆ ಹೊಸ ಜೀವ ಕೊಟ್ಟರು. ಅವಳ ಗತಿಯನ್ನು ಯಾರೂ ಮುಟ್ಟಲಿಲ್ಲ, ಮುಟ್ಟಬಾರದು ಕೂಡ. ಬದಲಾಗುವುದೇನಿದ್ದರೂ ಕುರ್ಚಿಯ ಮೇಲೆ ಕೂತವರು ಮಾತ್ರ. ಅಮ್ಮ ಆಗ ಅಳುತ್ತಿದ್ದ ಜಾಗದಲ್ಲಿ ನನ್ನ ಗೆಳತಿ ಈಗ ಪ್ರಶ್ನೆ ಕೇಳುತ್ತಾಳೆ. ಚಿತ್ರ ಎರಡಕ್ಕೂ ಎಡೆ ಕೊಟ್ಟಿದೆ.

ಎಲ್ಲ ಹಳೆಯ ಪ್ರಿಯ ಚಿತ್ರಗಳ ಕಥೆಯೂ ಇದೇ ಎಂದು ನಾನು ಹೇಳುತ್ತಿಲ್ಲ. ಅದೇ 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತು. ಅದರ ಪ್ರೀತಿ ಬೇರೆ ಜಾತಿಯದು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಬೇಸಾಯಕ್ಕೆ ನಿಂತವರಿದ್ದಾರೆ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಅಕ್ಕನ ಮನೆಗಾಗಿ ಜೀವ ತೇದ ರಾಜೀವಪ್ಪ ಕೊನೆಗೆ ಅವಮಾನ ನುಂಗಿ ಉಟ್ಟ ಬಟ್ಟೆಯಲ್ಲಿ ಹೊರಟುಹೋಗುತ್ತಾನೆ. ಅದರ ಹಿಂದಿನ ವರ್ಷದ ‘ಕಸ್ತೂರಿ ನಿವಾಸ’ದಲ್ಲಿ ಎಲ್ಲವನ್ನೂ ಕೊಟ್ಟು ಬರಿಗೈಯಾದ ರವಿವರ್ಮ, ಮನೆಗೆ ಬಂದ ಹೆಣ್ಣಿನ ಊಟಕ್ಕಾಗಿ ತನ್ನ ಮುದ್ದಿನ ಪಾರಿವಾಳವನ್ನೂ ಕಳೆದುಕೊಳ್ಳುತ್ತಾನೆ, ಅವಳು ಬಂದಿದ್ದದ್ದು ಅದೇ ಪಾರಿವಾಳವನ್ನು ಕೇಳಲು. ಹದಿನಾಲ್ಕನೇ ಶತಮಾನದ ಇಟಲಿಯ ಬೊಕಾಚಿಯೋ ಬರೆದ ಕಥೆಯೊಂದರಲ್ಲಿ ಬಡವನಾದ ಪ್ರೇಮಿ ತನ್ನ ಡೇಗೆಯನ್ನು ಹೀಗೆಯೇ ಅಡುಗೆ ಮಾಡಿಸಿ ಬಡಿಸುತ್ತಾನೆ. ಅಲ್ಲಿ ಕಥೆ ಮದುವೆಯಲ್ಲಿ ಮುಗಿಯುತ್ತದೆ. ನಮ್ಮ ರವಿವರ್ಮನಿಗೆ ಸಾವು. ಈ ಎರಡು ಚಿತ್ರಗಳ ನಾಯಕರು ಮಾಡಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಮಾಡುವುದೂ ಇಲ್ಲ. ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯಕ್ಕೆ ಕೋರ್ಟಿನ ಡೇಟು ಇಟ್ಟುಕೊಂಡೇ ‘ಬಂಗಾರದ ಮನುಷ್ಯ’ ನೋಡಿ ಕಣ್ಣೊರೆಸಿಕೊಳ್ಳುವವರನ್ನು ನಾನು ಹತ್ತಿರದಿಂದ ಬಲ್ಲೆ. ಅವರ ಕಣ್ಣೀರು ಕಪಟವಲ್ಲ ಎಂದೇ ನನ್ನ ನಂಬಿಕೆ. ಆದರೆ ನಾವು ಬದುಕಲಾಗದ ಒಳ್ಳೆಯತನವನ್ನು ಅಣ್ಣಾವ್ರ ಮೇಲೆ ಹೊರಿಸಿ ಹಗುರಾಗುವ ಸುಖವೂ ಅದರಲ್ಲಿ ಸೇರಿಕೊಂಡಿದೆ. ಆ ಪ್ರೀತಿ ಪೂಜೆಗೆ ಹತ್ತಿರ. ಪೂಜೆಯಲ್ಲಿ ದೇವರನ್ನು ಪ್ರಶ್ನೆ ಕೇಳುವುದಿಲ್ಲ, ನೈವೇದ್ಯ ಇಟ್ಟು ಬರುತ್ತೇವೆ.

‘ನಾಗರಹಾವು’ ಚಿತ್ರದ ಮೇಲಿನ ಪ್ರೀತಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇದೇ ಕಾರಣಕ್ಕೆ. ಅಲ್ಲಿ ಪೂಜೆಗೆ ಯೋಗ್ಯರಾದವರು ಯಾರೂ ಇಲ್ಲ. ಆದರೆ ಅದನ್ನೂ ಪೂಜೆಯಾಗಿಸುವ ಕೆಲಸ ನಡೆದೇ ಇದೆ. ಯಾವುದೇ ಶಿಕ್ಷಕರ ದಿನಾಚರಣೆಗೆ ಹೋಗಿ, ಒಳ್ಳೆಯ ಮೇಷ್ಟ್ರನ್ನು ಹೊಗಳಬೇಕಾದರೆ ‘ನಮ್ಮ ಪಾಲಿನ ಚಾಮಯ್ಯ ಮೇಷ್ಟ್ರು’ ಎನ್ನುತ್ತಾರೆ. ಹೊಗಳಿಸಿಕೊಂಡವರು ಕೈಮುಗಿಯುತ್ತಾರೆ. ಬೆಟ್ಟದ ತುದಿಯ ದೃಶ್ಯ ಆ ಕ್ಷಣಕ್ಕೆ ಯಾರಿಗೂ ನೆನಪಿರುವುದಿಲ್ಲ, ಅಲಮೇಲುವಂತೂ ಇಲ್ಲವೇ ಇಲ್ಲ. ಕೋಪಿಷ್ಠ ಹುಡುಗನನ್ನು ಪಳಗಿಸಿದ ಗುರು ಎಂಬ ಅರ್ಧ ಚಿತ್ರವನ್ನಷ್ಟೇ ಕತ್ತರಿಸಿ ಫ್ರೇಮು ಹಾಕಿಸಿದಂತೆ. ಮೊಬೈಲಿನಲ್ಲಿ ಓಡಾಡುವ ತುಣುಕುಗಳೂ ಹೀಗೇ. ಮೇಷ್ಟ್ರನ್ನು ಕಂಡು ರಾಮಾಚಾರಿ ತಲೆತಗ್ಗಿಸುವ ಮೂವತ್ತು ಸೆಕೆಂಡು, ಹಿಂದೆ ಒಂದು ಕೊಳಲು, ಕೆಳಗೆ ‘ಆ ಕಾಲವೇ ಬೇರೆ’ ಎಂಬ ಒಕ್ಕಣೆ. ಇದನ್ನು ಚಿತ್ರದ ಮೇಲಿನ ಪ್ರೀತಿ ಎನ್ನಲು ನನಗೆ ಮನಸ್ಸಿಲ್ಲ. ಚಿತ್ರ ಕೇಳಿದ ಪ್ರಶ್ನೆಯನ್ನು ಕೇಳದಂತೆ ಕಿವಿ ಮುಚ್ಚಿಕೊಳ್ಳುವ ಉಪಾಯ ಅದು.

ಇನ್ನೊಂದು ತುದಿಯಲ್ಲಿ, ಜಾತಿಯನ್ನು ಎತ್ತಿಹಿಡಿದ ಗುರುವನ್ನು ತೋರಿಸಿದ್ದಕ್ಕೇ ಚಿತ್ರವನ್ನು ಅಟ್ಟಕ್ಕೆ ಹಾಕಬೇಕು ಎನ್ನುವವರ ಜೊತೆಗೂ ನನಗೆ ಹೊಂದಿಕೆಯಿಲ್ಲ. ಚಾಮಯ್ಯ ಮೇಷ್ಟ್ರನ್ನು ಅಟ್ಟಕ್ಕೆ ಹಾಕಿದರೆ ಸೋದರಮಾವನನ್ನು ಎಲ್ಲಿ ನೋಡಿ ಗುರುತು ಹಿಡಿಯುವುದು? ಪ್ರೀತಿಯ ಮೂಲಕವೇ ನಡೆಯುವ ಹಿಂಸೆಯನ್ನು ಇಷ್ಟು ಹತ್ತಿರದಿಂದ, ಇಷ್ಟು ಮಮತೆಯ ಮುಖದಲ್ಲಿ ತೋರಿಸಿದ ಚಿತ್ರಗಳು ನಮ್ಮಲ್ಲಿ ಹೆಚ್ಚಿಲ್ಲ. ತೋರಿಸಬೇಕೆಂದೇ ತೋರಿಸಿತೋ, ತಿಳಿಯದೆ ತೋರಿಸಿತೋ ಎಂಬ ಚರ್ಚೆ ಬೇಕಾದರೆ ನಡೆಯಲಿ.

ಆದರೆ ನನ್ನ ಗೆಳತಿಯ ಮಾತು ಇನ್ನೂ ಹಾಗೇ ಉಳಿದಿದೆ. ಅವಳು ಚಿತ್ರವನ್ನು ಪೂರ್ತಿ ನೋಡಿದವಳು, ಅರ್ಧಕ್ಕೆ ಎದ್ದು ಹೋದವಳಲ್ಲ. ಸಹೃದಯ ಎಂದರೆ ಅವಳೇ ಸರಿ. ಪೂರ್ತಿ ನೋಡಿ, ಅಳುವಲ್ಲಿ ಅತ್ತು, ಆಮೇಲೆ ನನಗೆ ಈ ಚಿತ್ರ ಬೇಡ ಎಂದಳು. ಅವಳಿಗೆ ರಸಜ್ಞತೆ ಇಲ್ಲ ಎನ್ನಲು ನನ್ನಲ್ಲಿ ಯಾವ ವಾದವೂ ಇಲ್ಲ. ಅಲಮೇಲುವಿನ ಜಾಗದಲ್ಲಿ ನಿಂತು ನೋಡಿದವರಿಗೆ ಮೇಷ್ಟ್ರ ತಪ್ಪಿಗೆ ಇಷ್ಟು ಸುಂದರವಾದ ಮುಖ ಕೊಟ್ಟದ್ದೇ ಅತಿಯೆನಿಸಬಹುದು. ನಾನು ನೋಡುವುದು ರಾಮಾಚಾರಿಯ ಜಾಗದಲ್ಲಿ ನಿಂತು. ಗಂಡಾಗಿ ಹುಟ್ಟಿದ್ದರಿಂದ ಆ ಜಾಗ ನನಗೆ ಕೇಳದೆಯೇ ಸಿಕ್ಕಿತ್ತು. ಅಲ್ಲಿಂದ ಮೇಷ್ಟ್ರ ಕಣ್ಣು ಚೆನ್ನಾಗಿ ಕಾಣುತ್ತದೆ, ಅಲಮೇಲುವಿನ ಬೆನ್ನು ಮಾತ್ರ ಕಾಣುತ್ತದೆ.

ಮುಂದಿನ ಐವತ್ತು ವರ್ಷಗಳಲ್ಲಿ ಅವಳಂಥವರೇ ಹೆಚ್ಚಾಗಿ, ಈ ಚಿತ್ರ ನಿಧಾನವಾಗಿ ಯಾರಿಗೂ ಬೇಡವಾಗಿ, ಯಾವುದೋ ಆರ್ಕೈವಿನ ತಣ್ಣನೆಯ ಕೋಣೆ ಸೇರಬಹುದು. ಅದು ಕನ್ನಡಿಗರ ಅಭಿರುಚಿ ಕೆಟ್ಟದ್ದರ ಲಕ್ಷಣ ಎಂದು ಆಗ ಯಾರಾದರೂ ಬರೆದಾರು. ನಾನು ಹಾಗೆ ತಿಳಿಯಲಾರೆ. ಪ್ರೀತಿಯ ಹೆಸರಿನಲ್ಲಿ ಮಕ್ಕಳಿಂದ ಮಾತು ತೆಗೆದುಕೊಳ್ಳುವ ಹಿರಿಯರು ಇಲ್ಲವಾಗಿ, ಆ ದೃಶ್ಯವನ್ನು ಕಂಡವರಿಗೆ ಈ ಮನುಷ್ಯ ಯಾಕೆ ಹೀಗೆ ಬೇಡಿಕೊಳ್ಳುತ್ತಿದ್ದಾನೆ ಎಂದೇ ತಿಳಿಯದೆ ಹೋದರೆ ಅದು ಒಳ್ಳೆಯ ಸುದ್ದಿಯೇ. ಸದ್ಯಕ್ಕಂತೂ ಅಂಥ ಸೂಚನೆಯಿಲ್ಲ. ಹೋದ ತಿಂಗಳು ನನ್ನ ಹಾಸ್ಟೆಲಿನ ಪಕ್ಕದ ಕೋಣೆಯ ಹುಡುಗನೊಬ್ಬನನ್ನು ಊರಿಗೆ ಕರೆಸಿಕೊಂಡರು, ಯಾರೋ ಅವರ ಹೈಸ್ಕೂಲಿನ ಮೇಷ್ಟ್ರು ಅವನ ಜೊತೆ ಮಾತಾಡಬೇಕೆಂದು ಹೇಳಿದ್ದರಂತೆ.

ಅವನು ಇನ್ನೂ ವಾಪಸ್ ಬಂದಿಲ್ಲ.